ಪ್ರದೇಶಾಧ್ಯಯನದ ಎಲ್ಲೆಗಳು

ಭೂಮಂಡಲದ ಒಂದು ಭಾಗವನ್ನು ಆರಿಸಿಕೊಂಡು, ಅಲ್ಲಿಯ ಭಾಷೆ, ಆಧುನಿಕ ಚರಿತ್ರೆ, ಸಾಹಿತ್ಯ, ಸಮಾಜ ಇವೆಲ್ಲವನ್ನೂ ಒಟ್ಟಾಗಿ ಕಲಿಸುವ ಪದ್ಧತಿಗೆ ವಿಶ್ವವಿದ್ಯಾನಿಲಯಗಳಲ್ಲಿ ಪ್ರದೇಶಾಧ್ಯಯನವೆಂದು ಹೆಸರು. ಇದು ಕೇವಲ ಜಿಜ್ಞಾಸೆಯಿಂದ ಹುಟ್ಟಿದುದಲ್ಲ. 1916ರಲ್ಲಿ ಸ್ಥಾಪಿತವಾದ ಲಂಡನ್ನಿನ ಪ್ರಾಚ್ಯವಿದ್ಯಾ ಶಾಲೆಗೆ, ಸಾಮ್ರಾಜ್ಯದ ಅಧಿಕಾರಿಗಳಿಗೂ ವರ್ತಕರಿಗೂ ಏಷ್ಯದ ಭಾಷೆಗಳನ್ನು ಕಲಿಸುವ ಹೊಣೆಯಿದ್ದಿತು. ಅಮೆರಿಕದಲ್ಲಿ ನಾರ್ಮನ್ ಬ್ರೌನ್ ಅವರು 1948ರಲ್ಲಿಯೇ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ದಕ್ಷಿಣ ಏಷ್ಯದ ವಿಭಾಗವನ್ನು ತೆರೆದರು. ಆದರೆ ಅಂಥ ವಿಭಾಗಗಳತ್ತ ಸರ್ಕಾರದ ಹಣ ಧಾರಾಳವಾಗಿ ಹರಿಯತೊಡಗಿದುದು, 1957ರಲ್ಲಿ ರಷ್ಯದ ಸ್ಪುಟ್ನಿಕ್ ಆಕಾಶಕ್ಕೇರಿದ ಮೇಲೆ, 1958ರ ರಾಷ್ಟ್ರರಕ್ಷಣಾ ಶಿಕ್ಷಣ ಕಾಯಿದೆಯ ಮೂಲಕ. ಕಾಯಿದೆಯ ಹೆಸರಿನಲ್ಲಿ ಶಿಕ್ಷಣಕ್ಕಿಂತ ರಕ್ಷಣೆಯೇ ಮುಂದಾಗಿರುವುದು ಗಮನಾರ್ಹ.

ಪುಸ್ತಕಗಳು ಅಲ್ಲಿಗೆ ಹೋದ ಬಗೆ ಇನ್ನೂ ಸ್ವಾರಸ್ಯವಾದುದು. 1954ರ ಪಬ್ಲಿಕ್ ಲಾ 480 ಎಂಬ ಶಾಸನದನ್ವಯ ಭಾರತಕ್ಕೆ ಬಂದ ಗೋಧಿಯ ಬೆಲೆಯನ್ನು ಭಾರತ ರೂಪಾಯಿಗಳಲ್ಲಿಯೇ ಸಲ್ಲಿಸಿತು. ಈ ಹಣ ಅಮೆರಿಕದ ಲೆಕ್ಕದಲ್ಲಿ ಇಲ್ಲಿಯೇ ರಾಶಿಬಿದ್ದಿತು. 1974ರಲ್ಲಿ ಅದರ ಬಹುಭಾಗವನ್ನು ಭಾರತಕ್ಕೇ ಬಿಟ್ಟುಕೊಡಲಾಯಿತು. ಅದಕ್ಕೆ ಮೊದಲು, 1962ರಿಂದ, ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ದೆಹಲಿಯ ತನ್ನ ಕಚೇರಿಯ ಮೂಲಕ ಇದೇ ರೂಪಾಯಿಗಳಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಆ ದೇಶದ ವಿಶ್ವವಿದ್ಯಾನಿಲಯಗಳಿಗೆ ಕಳುಹಿಸುತ್ತಿದ್ದಿತು. ಕನ್ನಡದ ಕಾದಂಬರಿ ಚಿಕಾಗೋದ ಕಪಾಟನ್ನು ಸೇರಿದುದು ಹೀಗೆ, ಗೋಧಿಯ ಋಣದಿಂದ.

ಹುಟ್ಟಿನ ಉದ್ದೇಶದಿಂದಲೇ ವಿದ್ಯೆಯ ಬೆಲೆಯನ್ನು ಕಟ್ಟುವುದು ಮಾತ್ರ ನ್ಯಾಯವಲ್ಲ. ಎಡ್ವರ್ಡ್ ಸೈದ್ ಅವರ 1978ರ ‘ಓರಿಯಂಟಲಿಸಂ’ ಬಂದಂದಿನಿಂದ ಆ ವಾದವನ್ನು ಬಾಯಿಪಾಠ ಒಪ್ಪಿಸುವವರು ಹೆಚ್ಚಿದ್ದಾರೆ. ಸೈದ್ ಅವರ ವಿಚಾರ ಮುಖ್ಯವಾಗಿ ಅರಬ್ ಲೋಕವನ್ನು ಕುರಿತದ್ದು. ಅದನ್ನು ಹಾಗೆಯೇ ಇಲ್ಲಿಗೆ ತಂದರೆ, ವಿಲಿಯಂ ಬ್ರೈಟ್ ಅವರು ಆಡುಗನ್ನಡವನ್ನು ಕುರಿತು ಬರೆದು 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾದ ವ್ಯಾಕರಣ ಯಾವ ಸಾಮ್ರಾಜ್ಯಕ್ಕೆ ನೆರವಾಯಿತೆಂದು ಹೇಳಬೇಕಾಗುತ್ತದೆ. ಮೈಸೂರಿನಲ್ಲಿ ಹುಟ್ಟಿ ಚಿಕಾಗೋದಲ್ಲಿ ಕಲಿಸಿದ ಎ. ಕೆ. ರಾಮಾನುಜನ್ ಅವರು 1973ರಲ್ಲಿ ವಚನಗಳನ್ನೂ 1976ರಲ್ಲಿ ‘ಸಂಸ್ಕಾರ’ವನ್ನೂ ಇಂಗ್ಲಿಷಿಗೆ ತಂದರು. ಇವರ ಕೈಯಲ್ಲಿ ಕನ್ನಡವು ಮಾಹಿತಿ ಸಂಗ್ರಹಿಸುವ ಉಪಕರಣವಾಗಿ ಉಳಿಯಲಿಲ್ಲ. ವಿಚಾರದ ಮೂಲವೇ ಆಯಿತು. ರಕ್ಷಣೆಯ ಹೆಸರಿನ ಹಣದಿಂದ ಬೆಳೆದ ಸಂಸ್ಥೆಗಳಲ್ಲಿ ಹೀಗಾದುದನ್ನು ಒಪ್ಪಿಕೊಳ್ಳಲೇಬೇಕು.

ನಿಜವಾದ ದೋಷ ಬೇರೆಡೆ ಇದೆ. ಅದು ಎಲ್ಲೆಯ ದೋಷ. ದಕ್ಷಿಣ ಏಷ್ಯ ಒಂದು ವಿಭಾಗ, ಪಶ್ಚಿಮ ಏಷ್ಯ ಇನ್ನೊಂದು. ನಡುವಿನ ಅರಬ್ಬಿ ಸಮುದ್ರ ಯಾರದೂ ಅಲ್ಲ. ಹಣದ ಚರಿತ್ರೆ ಈ ಗೆರೆಯನ್ನು ಎಂದೂ ಮನ್ನಿಸಿದುದಿಲ್ಲ. ಕುವೈತ್, ಬಹರೇನ್, ಕತಾರ್‌ಗಳ ಪೇಟೆಗಳಲ್ಲಿ ಭಾರತದ ರೂಪಾಯಿಯೇ ಚಲಾವಣೆಯಲ್ಲಿದ್ದಿತು. ರೂಪಾಯಿಗಳು ಚಿನ್ನದ ಕಳ್ಳಸಾಗಣೆಗೆ ದಾರಿಯಾದಾಗ, 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರಡಿಸಿತು. ಕುವೈತ್ 1961ರಲ್ಲಿ ತನ್ನದೇ ನಾಣ್ಯವನ್ನು ತಂದಿತು. 1966ರ ಅಪಮೌಲ್ಯದ ಬಳಿಕ ಉಳಿದವರಲ್ಲಿ ಬಹುಮಂದಿ ರೂಪಾಯಿಯನ್ನು ಕೈಬಿಟ್ಟರು. ಇದು ಮುಂಬಯಿಯ ಚರಿತ್ರೆಯೋ, ಕೊಲ್ಲಿಯ ಚರಿತ್ರೆಯೋ? ಒಂದು ವಿಭಾಗದ ವಿದ್ಯಾರ್ಥಿ ಗುಜರಾತಿಯನ್ನೋ ಕನ್ನಡವನ್ನೋ ಕಲಿತಿರುತ್ತಾನೆ, ಇನ್ನೊಂದರವನು ಅರಬ್ಬಿಯನ್ನು. ಎರಡೂ ಬಲ್ಲವನನ್ನು ತಯಾರಿಸುವುದು ಎರಡು ವಿಭಾಗಗಳ ಹೊಣೆಯೂ ಆಗಿರುವುದಿಲ್ಲ.

ಭಾರತವೂ ಪರರಾಷ್ಟ್ರಗಳ ಅಧ್ಯಯನಕ್ಕೆ ತಡವಾಗಿಯೇನೂ ಕೈಹಾಕಲಿಲ್ಲ. 1955ರಲ್ಲಿ ದೆಹಲಿಯಲ್ಲಿ ಅಂತರರಾಷ್ಟ್ರೀಯ ಅಧ್ಯಯನಗಳ ಶಾಲೆ ಆರಂಭವಾಯಿತು. 1970ರಲ್ಲಿ ಅದು ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸೇರಿಹೋಯಿತು. ಅಲ್ಲಿ ಎಲ್ಲೆಯ ದೋಷದೊಡನೆ ಮತ್ತೊಂದೂ ಸೇರಿಕೊಂಡಿತು. ಪ್ರದೇಶಗಳು ಒಂದು ಶಾಲೆಯಲ್ಲಿ, ಭಾಷೆ ಸಾಹಿತ್ಯಗಳು ಇನ್ನೊಂದರಲ್ಲಿ. ಹೀಗಿರುವಾಗ ಇಂಗ್ಲಿಷಿನ ಆಧಾರಗಳನ್ನೇ ನೆಚ್ಚಿ ಒಂದು ದೇಶದ ಮೇಲೆ ಪ್ರೌಢಪ್ರಬಂಧವನ್ನು ಬರೆಯುವ ಹಾದಿ ಸದಾ ತೆರೆದಿರುತ್ತದೆ. ಅರಬ್ಬಿ ಕಾದಂಬರಿಯನ್ನು ಓದುವವನೂ ಅರಬ್ ದೇಶಗಳ ರಾಜಕೀಯವನ್ನು ಓದುವವನೂ ಒಂದೇ ಆವರಣದಲ್ಲಿದ್ದುಕೊಂಡು ಬೇರೆ ಬೇರೆ ಪರೀಕ್ಷೆಗಳಿಗೆ ಕುಳಿತುಕೊಳ್ಳುತ್ತಾರೆ.