ಬೆಲಾಜಿಯೊದ ನೀರು, ಗಾಜು

ಲಾಸ್ ವೇಗಸ್‌ನಲ್ಲಿ ಡ್ಯೂನ್ಸ್ ಹೋಟೆಲನ್ನು 1993ರಲ್ಲಿ ಸ್ಫೋಟಿಸಿ ಕೆಡವಿದ ಜಾಗದಲ್ಲಿ, ಉದ್ಯಮಿ ಸ್ಟೀವ್ ವಿನ್ 1998ರಲ್ಲಿ ಬೆಲಾಜಿಯೊ ಎಂಬ ಜೂಜುಕಟ್ಟೆಯ ಹೋಟೆಲ್ ತೆರೆದರು. ಇಟಲಿಯ ಕೋಮೊ ಸರೋವರದ ದಂಡೆಯ ಅದೇ ಹೆಸರಿನ ಊರು ಅದಕ್ಕೆ ಸ್ಫೂರ್ತಿ. ಜೂಜಾಡದವರನ್ನೂ ಇಲ್ಲಿ ಹಿಡಿದು ನಿಲ್ಲಿಸುವ ಎರಡು ಕುಸುರಿಗಳಿವೆ.

ಹೊರಗಿನ 8 ಎಕರೆ ಕೊಳದಲ್ಲಿ ಸಾವಿರಕ್ಕೂ ಹೆಚ್ಚು ಕಾರಂಜಿಗಳು ಹಾಡಿಗೆ ತಕ್ಕಂತೆ ಬಾಗಿ ಬಳುಕುತ್ತವೆ. ಒತ್ತಿ ತುಂಬಿದ ಗಾಳಿಯ ಬಲದಿಂದ ಫಿರಂಗಿ ಸದ್ದಿನೊಂದಿಗೆ ಮೇಲಕ್ಕೆ ಚಿಮ್ಮುತ್ತವೆ. ನೀರು ಡ್ಯೂನ್ಸ್‌ನ ಹಳೆಯ ಗಾಲ್ಫ್ ಮೈದಾನದ ಬಾವಿಯದು.

ಒಳಗೆ ಲಾಬಿಯ ಚಾವಣಿಯಲ್ಲಿ ಗಾಜಿನ ಕಲಾವಿದ ಡೇಲ್ ಚಿಹುಲಿಯವರ ಸುಮಾರು 2,000 ಗಾಜಿನ ಹೂಗಳಿವೆ. ಎಲ್ಲವೂ ಕುಲುಮೆಯ ಬಳಿ ಊದಿ ಅರಳಿಸಿದವು. ಒಂದರ ಅಂಚಿನ ಅಲೆ ಇನ್ನೊಂದಕ್ಕಿಲ್ಲ. ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡ ಮೇಲೆ ಚಿಹುಲಿ ಚಿತ್ರ ಬರೆದುಕೊಟ್ಟು ತಂಡದಿಂದ ಗಾಜು ಊದಿಸುತ್ತ ಬಂದವರು. ಜೂಜುಕಟ್ಟೆಯ ನಡುವೆ ಇವೆರಡನ್ನು ನೋಡಲು ಮಾತ್ರ ಬಿಡಿಗಾಸೂ ಬೇಡ.