ಬಾಯ್ಲರ್ ಕೋಳಿ ಮತ್ತು ಲಿವರಿನ ಕೊಬ್ಬು

ಹೊಟ್ಟೆನೋವೆಂದು ಚಿತ್ರದುರ್ಗಕ್ಕೋ ಹಿರಿಯೂರಿಗೋ ಸ್ಕ್ಯಾನಿಂಗಿಗೆ ಹೋದವರು ‘ಫ್ಯಾಟಿ ಲಿವರ್, ಗ್ರೇಡ್ 1’ ಎಂಬ ವರದಿ ಹಿಡಿದು ಬರುವುದು ಈಗ ಮಾಮೂಲಿ. ವೈದ್ಯರು ಬಾಯಿ ಬಿಡುವ ಮೊದಲೇ ಅಕ್ಕಪಕ್ಕದವರ ಸಲಹೆ ಸಿದ್ಧವಿರುತ್ತದೆ: “ಬಾಯ್ಲರ್ ಕೋಳಿ ಬಿಟ್ಟುಬಿಡಿ, ಅದಕ್ಕೆ ಬೆಳೆಯೋ ಇಂಜೆಕ್ಷನ್ ಹಾಕಿರ್ತಾರೆ. ತಿನ್ನೋದಾದ್ರೆ ನಾಟಿ ಕೋಳಿ ತಿನ್ನಿ.” ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲೂ ಇದೇ ಪಥ್ಯ. ಕಾಳಜಿಯಿಂದಲೇ ಹುಟ್ಟಿದ ಮಾತು ಇದು. ಆದರೆ ರೋಗಿಯ ಗಮನವನ್ನು ಬೇಕಾದ ಕಡೆಯಿಂದ ಬೇಡವಾದ ಕಡೆಗೆ ಎಳೆಯುತ್ತದೆ.

ಈ ಅನುಮಾನ ಗಾಳಿಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1940–50ರ ದಶಕಗಳಲ್ಲಿ ಕೋಳಿಯ ಕುತ್ತಿಗೆಯ ಚರ್ಮದಡಿ ಡೈಎಥೈಲ್‌ಸ್ಟಿಲ್‌ಬೆಸ್ಟ್ರಾಲ್ ಎಂಬ ಕೃತಕ ಸ್ತ್ರೀ ಹಾರ್ಮೋನಿನ ಗುಳಿಗೆ ಇಡುತ್ತಿದ್ದರು. 1959ರಲ್ಲಿ ಅದನ್ನು ನಿಲ್ಲಿಸಲಾಯಿತು. ಇಂದಿನ ಕೋಳಿ ಐದಾರು ವಾರಕ್ಕೇ ಎರಡು ಕಿಲೋ ದಾಟುವುದಕ್ಕೆ ಕಾರಣ ತಳಿ ಮತ್ತು ಫೀಡ್. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಫೀಡ್ ಹಾಕಿ ಸಾಕಿ ನೋಡಿದರು. 56ನೇ ದಿನಕ್ಕೆ ಅವು ಕ್ರಮವಾಗಿ 905, 1,808 ಮತ್ತು 4,202 ಗ್ರಾಂ ತೂಗಿದವು. 2014ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂದೆ ಇಂಜೆಕ್ಷನ್ನಿನ ಕಥೆ ನಿಲ್ಲುವುದಿಲ್ಲ. ಹೊಳಲ್ಕೆರೆ ಸೀಮೆಯ ಹೊಲಗಳಲ್ಲಿ ಬೆಳೆಯುವಂಥ ಮೆಕ್ಕೆಜೋಳವೇ ಸೋಯಾ ಹಿಂಡಿಯೊಡನೆ ಸೇರಿ ಫಾರಂ ಕೋಳಿಯ ಮೈಯಾಗುತ್ತದೆ.

ಅಲ್ಲದೆ, ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನು. ಬೇಯಿಸಿ ತಿಂದರೆ ಬೇಳೆಯ ಪ್ರೋಟೀನಿನಂತೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದರ ಕೊರತೆಯಿಂದ ಕುಳ್ಳಾಗಿ ಉಳಿಯುವ ಮಕ್ಕಳಿಗೆ ಅದನ್ನು ಮಾತ್ರೆಯಾಗಿ ಕೊಡದೆ ಸೂಜಿಯಲ್ಲಿ ಕೊಡುವುದು ಈ ಕಾರಣಕ್ಕೇ. ಫಾರಂ ಕೋಳಿಯ ಬಗ್ಗೆ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಬೇರೆ, ಅದು ಆಂಟಿಬಯೋಟಿಕ್ಕಿನದು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ.

ಹಾಗಾದರೆ ಬೆಳವಣಿಗೆಯ ಹಾರ್ಮೋನಿಗೂ ಲಿವರಿನ ಕೊಬ್ಬಿಗೂ ನಂಟೇ ಇಲ್ಲವೇ?

ಇದೆ, ಆದರೆ ಜನ ನಂಬಿದ್ದಕ್ಕೆ ತದ್ವಿರುದ್ಧವಾಗಿ. ಮಿದುಳಿನ ಬುಡದಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಈ ಹಾರ್ಮೋನನ್ನು ಗಾಢ ನಿದ್ದೆಯಲ್ಲಿ ಹೆಚ್ಚಾಗಿ ಸುರಿಸುತ್ತದೆ. ಅದು ಹೊಟ್ಟೆಯ ಕೊಬ್ಬನ್ನು ಕರಗಿಸುತ್ತದೆ, ಲಿವರ್ ಹೊಸ ಕೊಬ್ಬು ಕಟ್ಟುವುದನ್ನು ತಡೆಯುತ್ತದೆ. ಕೊರತೆಯಿರುವ ವಯಸ್ಕರಲ್ಲಿ ಫ್ಯಾಟಿ ಲಿವರ್ ಹೆಚ್ಚು. ಹಾರ್ಮೋನ್ ಅತಿಯಾಗಿ ಕೈಕಾಲು, ದವಡೆ ದಪ್ಪಗಾಗುವ ಅಕ್ರೊಮೆಗಲಿ ರೋಗಿಗಳ ಲಿವರಿನಲ್ಲಿ ಕೊಬ್ಬು ಕಡಿಮೆ. ಬೊಜ್ಜು ಬಂದಷ್ಟೂ ಈ ಹಾರ್ಮೋನ್ ಇಳಿಯುತ್ತದೆ, ಇಳಿದಷ್ಟೂ ಹೊಟ್ಟೆ ಬೆಳೆಯುತ್ತದೆ. ದೇಹದ ಸ್ವಂತ ಹಾರ್ಮೋನನ್ನು ಹೆಚ್ಚಿಸುವ ಟೆಸಾಮೊರೆಲಿನ್ ಎಂಬ ಔಷಧಿಯನ್ನು ಎಚ್‌ಐವಿ ಇರುವ 61 ಮಂದಿಯ ಮೇಲೆ ಪರೀಕ್ಷಿಸಿದ 2019ರ ಅಧ್ಯಯನದಲ್ಲಿ, ಔಷಧಿ ಪಡೆದವರಲ್ಲಿ ಶೇ 35ರಷ್ಟು ಜನರ ಲಿವರಿನ ಕೊಬ್ಬು ವರ್ಷದೊಳಗೆ ಶೇ 5ಕ್ಕಿಂತ ಕೆಳಗಿಳಿಯಿತು. ಹುಸಿ ಔಷಧಿಯವರಲ್ಲಿ ಶೇ 4 ಮಾತ್ರ. ಇದನ್ನೋದಿ ಜಿಮ್ಮಿನ ಹುಡುಗರು ಸೂಜಿ ಹುಡುಕಬಾರದು. ಈ ಹಾರ್ಮೋನ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ.

ನಮ್ಮ ಹಳ್ಳಿಗಳಿಗೆ ಹೆಚ್ಚು ಹತ್ತಿರದ ಉದಾಹರಣೆ ಬಾಣಂತನದ್ದು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಕೆಲವೊಮ್ಮೆ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸಾಯುತ್ತದೆ. 1937ರಲ್ಲಿ ಹೆರಾಲ್ಡ್ ಶೀಹನ್ ವಿವರಿಸಿದ ಈ ಕಾಯಿಲೆಗೆ ಅವರದೇ ಹೆಸರಿದೆ. ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ, ವರ್ಷಗಟ್ಟಲೆ ಸುಸ್ತು. ಮೊದಲು ಕೈಕೊಡುವವುಗಳಲ್ಲಿ ಬೆಳವಣಿಗೆಯ ಹಾರ್ಮೋನೂ ಒಂದು. ಅಂಥ ತಾಯಿಗೆ ಐವತ್ತರಲ್ಲಿ ಫ್ಯಾಟಿ ಲಿವರ್ ಕಂಡಾಗ ಕೋಳಿಯ ಪಥ್ಯ ಹೇಳಿ ಕಳಿಸಿದರೆ, ಅವಳಿಗೆ ಬೇಕಿದ್ದ ಕಾರ್ಟಿಸಾಲ್, ಥೈರಾಯ್ಡ್ ಮಾತ್ರೆಗಳು ಇನ್ನಷ್ಟು ವರ್ಷ ದೂರ ಸರಿಯುತ್ತವೆ. ನೆರೆಮನೆಯ ಸಲಹೆಯಿಂದ ಆಗುವ ನಿಜವಾದ ಹಾನಿ ಇದು.

ಇದಕ್ಕೆ ಹೋಲಿಸಿದರೆ ಸರ್ಕಾರದ ಹಾದಿ ಮೇಲು. ಕೇಂದ್ರವು 2021ರಲ್ಲಿ ಫ್ಯಾಟಿ ಲಿವರನ್ನು ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸೇರಿಸಿತು. ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರ ಸೊಂಟಕ್ಕೆ ಟೇಪು ಹಿಡಿಯುತ್ತಾಳೆ. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಅಪಾಯದ ಅಂಕ ಬೀಳುತ್ತದೆ. ಕೆಲವೇ ರೂಪಾಯಿಯ ಆ ಟೇಪು ಅಳೆಯುವುದು ಹಾರ್ಮೋನ್ ಮತ್ತು ಲಿವರ್ ಎರಡೂ ಕೆಡುವ ಜಾಗವನ್ನೇ. ಆ ಭೇಟಿಯಲ್ಲಿ ಇನ್ನೊಂದು ಪ್ರಶ್ನೆ ಸೇರಬೇಕು: “ಹೆರಿಗೇಲಿ ತುಂಬಾ ರಕ್ತ ಹೋಗಿತ್ತಾ, ಮಗುವಿಗೆ ಹಾಲು ಬಂತಾ ಅಕ್ಕ?” ಊರಿನ ಹೆರಿಗೆಗಳೆಲ್ಲ ಗೊತ್ತಿರುವ ಆಶಾಗೆ ಇದು ಕಷ್ಟದ ಮಾತಲ್ಲ.

ಉಳಿದವರ ಮಟ್ಟಿಗೆ ತಟ್ಟೆಯನ್ನೇ ನೋಡಬೇಕು. ಕೋಳಿ ಬಿಟ್ಟು, ಮೂರು ಹೊತ್ತು ಅನ್ನ, ದಿನಕ್ಕೆ ನಾಲ್ಕು ಸಕ್ಕರೆ ಚಹಾ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ ಹಾಗೇ ಉಳಿಸಿಕೊಂಡರೆ ಲಿವರ್ ಹಗುರಾಗದು. ಮೈತೂಕ ಶೇ 7ರಿಂದ 10ರಷ್ಟು ಇಳಿದಾಗ ಅದರ ಕೊಬ್ಬೂ ಬಾವೂ ಇಳಿಯುತ್ತವೆ. 80 ಕಿಲೋ ತೂಗುವವರಿಗೆ ಇದು ಆರರಿಂದ ಎಂಟು ಕಿಲೋ. ಹೊಸದುರ್ಗದ ಹೊಲಗಳಲ್ಲಿ ಸಾವೆ ಇನ್ನೂ ಬೆಳೆಯುತ್ತದೆ. ಅದರ ಅನ್ನ ಅಳತೆಯಲ್ಲಿ, ತರಕಾರಿ ಧಾರಾಳವಾಗಿ, ಜೊತೆಗೆ ಎಣ್ಣೆ ಕಡಿಮೆ ಹಾಕಿದ ಕೋಳಿಸಾರು, ಅದು ನಾಟಿಯಾದರೂ ಸರಿ, ಬಾಯ್ಲರ್ ಆದರೂ ಸರಿ.