ಕರಾಚಿಯ ಕಂಠ, ಬೆಂಗಳೂರಿನ ಕಿವಿ

ನಾಜಿಯಾ ಹಸನ್ ಹಾಡುಗಾರ್ತಿಯೇ ಅಲ್ಲ, ಅದೆಲ್ಲ ಸ್ಟುಡಿಯೋದ ಚಮತ್ಕಾರ ಎಂಬ ಮಾತನ್ನು ಶಾಸ್ತ್ರೀಯ ಸಂಗೀತ ಬಲ್ಲ ಗೆಳೆಯರಿಂದ ಇವತ್ತಿಗೂ ಕೇಳುತ್ತೇನೆ. ದನಿ ತೆಳು, ಸ್ವಲ್ಪ ಮೂಗಿನಿಂದ ಬರುತ್ತದೆ, ಗಮಕದ ಸುಳಿವಿಲ್ಲ. ಈ ದೂರುಗಳೆಲ್ಲ ನಿಜವೇ. ಆದರೂ ಅವರ 1981ರ ‘ಡಿಸ್ಕೊ ದೀವಾನೆ’ಗಿಂತ ಒಳ್ಳೆಯ ಚೊಚ್ಚಲ ಪಾಪ್ ಆಲ್ಬಂ ಈ ಉಪಖಂಡದಲ್ಲಿ ಬಂದಿಲ್ಲ ಎಂದೇ ನನ್ನ ನಂಬಿಕೆ. ಆ ದನಿಯನ್ನು ತಿದ್ದಲು ಹೋಗದೆ, ಅದಕ್ಕೆ ಒಪ್ಪುವ ನಾದವನ್ನೇ ಸುತ್ತಲೂ ಕಟ್ಟಿದ ಒಬ್ಬ ನಿರ್ಮಾಪಕ ಅಲ್ಲಿದ್ದರು.

ಅವರು ಬಿದ್ದು ಅಪ್ಪಯ್ಯ. ಕೊಡವ ಮನೆತನದ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಇಲ್ಲೇ ‘ಟ್ರೋಜನ್ಸ್’ ಎಂಬ ಬ್ಯಾಂಡ್ ಕಟ್ಟಿಕೊಂಡಿದ್ದವರು. ಅರವತ್ತರ ದಶಕದ ಕೊನೆಯಲ್ಲಿ ಲಂಡನ್ ಸೇರಿದರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫು ಫೈಟಿಂಗ್’ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೇರಿತು. ಅದರ ನಿರ್ಮಾಪಕರು ಬಿದ್ದು. ಗ್ರಾಮಫೋನ್ ತಟ್ಟೆಯ ಎರಡನೇ ಬದಿಗೆಂದು ಅವಸರದಲ್ಲಿ ಮುಗಿಸಿದ ಹಾಡು ಅದು! ಎರಡು ವರ್ಷದ ನಂತರ ಟೀನಾ ಚಾರ್ಲ್ಸ್ ದನಿಯಲ್ಲಿ ಮತ್ತೊಂದು ಹಾಡು ಬ್ರಿಟನ್ನಿನ ಪಟ್ಟಿಯ ತುದಿ ಮುಟ್ಟಿತು.

ಹಿಂದಿ ಸಿನಿಮಾದ ನಟ, ನಿರ್ದೇಶಕ ಫಿರೋಜ್ ಖಾನ್ ಹುಟ್ಟಿದ್ದೂ ಬೆಂಗಳೂರಿನಲ್ಲೇ. ತಮ್ಮ ಸಿನಿಮಾ ‘ಕುರ್ಬಾನಿ’ಯ ಉಳಿದ ಹಾಡುಗಳಿಗೆ ಕಲ್ಯಾಣ್‌ಜಿ ಆನಂದ್‌ಜಿ ಇದ್ದರೂ, ಒಂದು ಡಿಸ್ಕೊ ಹಾಡಿಗೆಂದು ಖಾನ್ ಬಿದ್ದು ಅವರನ್ನು ಹಿಡಿದರು. ಲಂಡನ್ನಿನ ಒಂದು ಪಾರ್ಟಿಯಲ್ಲಿ ಕಂಡ ಕರಾಚಿಯ ಹುಡುಗಿ ನಾಜಿಯಾರನ್ನು ಹಾಡಿಸಿ ನೋಡಿ ಎಂದವರೂ ಖಾನ್ ಅವರೇ. ‘ಆಪ್ ಜೈಸಾ ಕೋಯಿ’ 1980ರಲ್ಲಿ ಬಂತು. ನಾಜಿಯಾರಿಗೆ ಆಗ ಹದಿನೈದು. ಮರುವರ್ಷ ಫಿಲ್ಮ್‌ಫೇರ್‌ನ ಅತ್ಯುತ್ತಮ ಗಾಯಕಿ ಪ್ರಶಸ್ತಿ ಅವರದಾಯಿತು. ಆದರೆ 1965ರ ಯುದ್ಧದ ನಂತರ ಪಾಕಿಸ್ತಾನದಲ್ಲಿ ಭಾರತದ ಸಿನಿಮಾಗಳಿಗೆ ನಿಷೇಧವಿತ್ತು. ತಮ್ಮೂರಿನ ಹುಡುಗಿ ಹಾಡಿದ ಸಿನಿಮಾವನ್ನು ಕರಾಚಿಯವರು ಥಿಯೇಟರಿನಲ್ಲಿ ನೋಡುವಂತಿರಲಿಲ್ಲ.

ಈಗ ‘ಡಿಸ್ಕೊ ದೀವಾನೆ’ಯ ಶೀರ್ಷಿಕೆಗೀತೆಯನ್ನು ಹೆಡ್‌ಫೋನ್ ಹಾಕಿ ಕೇಳಿ. ಕೇಳಿಸುವುದು ಒಂದು ನಾಜಿಯಾ ಅಲ್ಲ, ಒಂದರ ಮೇಲೊಂದು ಕೂಡಿಸಿದ ನಾಜಿಯಾ. ಒಂದೇ ಸಾಲನ್ನು ಮತ್ತೆ ಹಾಡಿಸಿ ಮೊದಲನೆಯದರ ಜೊತೆ ಸೇರಿಸಿದಾಗ ಎರಡರ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ತೆಳು ದನಿಗೆ ಮೈ ಬರುವುದು ಆ ವ್ಯತ್ಯಾಸದಿಂದ. ಕೆಳಗೆ ದೊಡ್ಡ ಡ್ರಮ್ ನಾಲ್ಕೂ ಎಣಿಕೆಗೆ ಬೀಳುತ್ತಿರುತ್ತದೆ, ಬೇಸ್ ಅದರ ಜೊತೆಗೇ ನಡೆಯುತ್ತದೆ, ಮಧ್ಯದ ಸ್ವರಗಳ ಜಾಗವನ್ನು ಮಾತ್ರ ಬಿದ್ದು ಹೆಚ್ಚು ತುಂಬಿಸುವುದಿಲ್ಲ. ಅಲ್ಲಿ ದನಿ ಕೂರಬೇಕು. ಗಮಕ ಬಲ್ಲ ದೊಡ್ಡ ಕಂಠವೊಂದು ಬಂದಿದ್ದರೆ ತಾಳದ ಜೊತೆ ಜಗ್ಗಾಟಕ್ಕೆ ಇಳಿಯುತ್ತಿತ್ತು. ಈ ಹುಡುಗಿ ಸ್ವರದ ಮೇಲೆ ನೆಟ್ಟಗೆ ನಿಲ್ಲುತ್ತಾರೆ, ಕೊನೆಯಲ್ಲಿ ಎಳೆಯದೆ ಬಿಟ್ಟುಬಿಡುತ್ತಾರೆ. ಡಿಸ್ಕೊಗೆ ಬೇಕಿದ್ದುದು ಅದೇ. ‘ಲೇಕಿನ್ ಮೇರಾ ದಿಲ್’ನಲ್ಲಿ ಇದೇ ನಿರಾಡಂಬರ ಬೇಸರದ ಬಣ್ಣಕ್ಕೆ ತಿರುಗುತ್ತದೆ. ಇಡೀ ತಟ್ಟೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಆ ಹಾಡು. ನಾಜಿಯಾರ ತಮ್ಮ ಜೊಹೆಬ್ ಹಸನ್ ಜೊತೆಗೆ ಹಾಡಿದ್ದಷ್ಟೇ ಅಲ್ಲ, ಸಂಗೀತದಲ್ಲೂ ಪಾಲುದಾರರು. ಅವರ ಹೆಸರನ್ನು ನಾವು ಬೇಗ ಮರೆತದ್ದು ಅನ್ಯಾಯ.

ಅಮೆರಿಕದಲ್ಲಿ ಆ ಹೊತ್ತಿಗೆ ಡಿಸ್ಕೊ ಕಾಲ ಮುಗಿದಿತ್ತು. 1979ರ ಜುಲೈನಲ್ಲಿ ಶಿಕಾಗೋದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ತಟ್ಟೆಗಳನ್ನು ಪೇರಿಸಿ, ಸಿಡಿಮದ್ದಿಟ್ಟು ಉಡಾಯಿಸಿದ್ದರು. ಇಲ್ಲಿ ಅದು ಆಗಷ್ಟೇ ಕಣ್ಣು ಬಿಡುತ್ತಿತ್ತು. ಬಪ್ಪಿ ಲಾಹಿರಿ ಸಂಗೀತದ ‘ಡಿಸ್ಕೊ ಡಾನ್ಸರ್’ ಸಿನಿಮಾ ಬಂದದ್ದು 1982ರಲ್ಲಿ. ತಟ್ಟೆಯ ಅಂಗಡಿಯೆಂದರೆ ಸಿನಿಮಾ ಹಾಡು, ಭಜನೆ, ಗಜಲ್ ಎಂದಿದ್ದ ದಿನಗಳಲ್ಲಿ ಕಥೆಯಿಲ್ಲದ, ನಾಯಕಿಯಿಲ್ಲದ, ಪರದೆಯ ಆಸರೆಯಿಲ್ಲದ ನಾಜಿಯಾರ ಹಾಡುಗಳನ್ನು ಜನ ಮುಗಿಬಿದ್ದು ಕೊಂಡರು. ಕ್ಯಾಸೆಟ್ ಬಂದಿದ್ದರಿಂದ ಅವು ಮದುವೆ ಮನೆ, ಬಸ್ಸು, ಕಾಲೇಜು ವಾರ್ಷಿಕೋತ್ಸವಗಳಿಗೂ ನುಗ್ಗಿದವು. ಅತ್ತ ಪಾಕಿಸ್ತಾನದಲ್ಲಿ ಜಿಯಾ ಉಲ್ ಹಕ್ ಆಳ್ವಿಕೆ. ಸರ್ಕಾರಿ ಟಿವಿಯ ಹಾಡು ಕುಣಿತದ ಮೇಲೆ ಸದಾ ಸೆನ್ಸಾರಿನ ಕಣ್ಣು. ಅಲ್ಲಿ ಹದಿಹರೆಯದ ಅಕ್ಕ ತಮ್ಮ ನಿಂತು ಹಾಡಿದ್ದಕ್ಕೆ ನಾವು ಇಲ್ಲಿ ಕೊಡುವ ಬೆಲೆ ಸಾಲದು.

ನಾಜಿಯಾ ಇನ್ನು ನಾಲ್ಕೇ ಆಲ್ಬಂ ಮಾಡಿದರು. ಕೊನೆಯ ‘ಕ್ಯಾಮೆರಾ ಕ್ಯಾಮೆರಾ’ 1992ರದು. 2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡಾಗ ಮೂವತ್ತೈದು ವರ್ಷ. ಬಿದ್ದು 1995ರಲ್ಲಿ ಅಲೀಶಾ ಚಿನಾಯ್ ಅವರಿಂದ ‘ಮೇಡ್ ಇನ್ ಇಂಡಿಯಾ’ ಹಾಡಿಸಿ, ತಾವೇ ತೆರೆದ ದಾರಿಯಲ್ಲಿ ಇನ್ನೊಮ್ಮೆ ಗೆದ್ದರು.

ಇಂದಿನ ಎಳೆಯರು ಬಹುಪಾಲು ‘ಡಿಸ್ಕೊ ದೀವಾನೆ’ ಹಾಡನ್ನು ಬಲ್ಲದ್ದು 2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಸಿನಿಮಾದ ಮೂಲಕ. ನಾಜಿಯಾರ ದನಿ ಅಲ್ಲೂ ಇದೆ, ಆದರೆ ಸುತ್ತಲಿನ ಗದ್ದಲ ಅದನ್ನು ಹಿಂದಕ್ಕೆ ತಳ್ಳಿದೆ. ಬಿದ್ದು ಬಿಟ್ಟಿದ್ದ ಖಾಲಿ ಜಾಗವನ್ನೆಲ್ಲ ತುಂಬಿಬಿಟ್ಟಿದ್ದಾರೆ. ಮೂಲ ಆಲ್ಬಂ ಸುಲಭವಾಗಿ ಸಿಗುತ್ತದೆ. ಅದನ್ನು ಕೇಳಿ, ಮೊದಲು ‘ಲೇಕಿನ್ ಮೇರಾ ದಿಲ್’, ಆಮೇಲೆ ಶೀರ್ಷಿಕೆಗೀತೆ.